ಮಲಗಿಸಿ ತಂದ ಶಾಕ್ ಅಬ್ಸಾರ್ಬರ್

೧೯೮೯ರಲ್ಲಿ, ಎಂಟನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಬರೆದದ್ದನ್ನು ನಂಬುವ ಅಭ್ಯಾಸವೂ ಅಲ್ಲಿಗೇ ನಿಂತಿತು. ಶಿಕಾರಿಪುರದಲ್ಲಿ ನನ್ನದೇ ಲೇತ್ ಮತ್ತು ವೆಲ್ಡಿಂಗ್ ಅಂಗಡಿ ಇದೆ. ಯಾರಾದರೂ ಗಟ್ಟಿ ಕಬ್ಬಿಣ ಎಂದು ಏನನ್ನಾದರೂ ಕೊಟ್ಟರೆ ಮೊದಲು ಅರ ಹಾಕಿ ನೋಡುತ್ತೇನೆ. ಹೆಣ್ಣು ನೋಡಲು ಹೋದಾಗ ಅವರ ಮನೆಯ ಸ್ಟೀಲ್ ಲೋಟವನ್ನೂ ಉಗುರಿನಿಂದ ಬಡಿದು ನೋಡಿದ್ದೆ ಎಂದು ಹೆಂಡತಿ ಸರೋಜ ಈಗಲೂ ಹೇಳುತ್ತಾಳೆ. ಇರಬಹುದು.

ಇವತ್ತು ಬೆಳಿಗ್ಗೆ ಕಾರು ತೊಳೆಯುತ್ತ ಹಿಂದಿನ ಎಡ ಚಕ್ರದ ಒಳಗೆ ಕೈ ಹಾಕಿದೆ. ಬೆರಳಿಗೆ ಎಣ್ಣೆ ಹತ್ತಿತು. ಮೂಸಿದೆ. ಬ್ರೇಕಿನದಲ್ಲ, ಶಾಕ್ ಅಬ್ಸಾರ್ಬರಿನ ಎಣ್ಣೆ. ಆ ವಾಸನೆಯ ಹಿಂದೆಯೇ ಸೊರಬದ ವೀರಭದ್ರಣ್ಣ ನೆನಪಿಗೆ ಬಂದರು.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ಶಿವಮೊಗ್ಗದ ಡಾಕ್ಟರೊಬ್ಬರು ಕಾರ್ ರೇಸಿನ ರ‍್ಯಾಲಿಗೆ ಓಡಿಸುತ್ತಿದ್ದ, ನೆಲಕ್ಕೆ ತಗ್ಗಿ ಕೂತ, ಇಪ್ಪತ್ತು ವರ್ಷ ದಾಟಿದ ಗಾಡಿ ಅದು. ಅವರ ಮನೆಗೆ ಗೇಟು ಕೂರಿಸಲು ಹೋದವನು ಶೆಡ್ಡಿನಲ್ಲಿ ಧೂಳು ಹಿಡಿದಿದ್ದ ಅದನ್ನು ನೋಡಿ ಸೋತುಹೋದೆ. ಊರಿಗೆ ತಂದ ದಿನ ಎದುರಿನ ಟೈಲರ್ ಕೇಳಿದ್ದ: “ಅಣ್ಣಾರ, ಇದರಾಗೆ ಹತ್ತಬೇಕಾ, ತೆವಳಬೇಕಾ?” ಎಂಜಿನ್ ಹುಲಿಯಂತಿತ್ತು. ಶಾಕ್‌ಗಳು ಮಾತ್ರ ಸತ್ತಿದ್ದವು. ಒಂದು ಗುಂಡಿ ಹಾರಿದರೆ ಮುಂದಿನ ಗುಂಡಿಯವರೆಗೂ ಕುಣಿಯುತ್ತಿತ್ತು.

ಸರೋಜಳ ತವರು ಸೊರಬದಾಚೆಯ ಹೊಸಬಾಳೆ. ಒಂದು ಸಲ ನನ್ನ ಜೊತೆ ಬಂದವಳು ಇಳಿದು ಸೊಂಟ ಹಿಡಿದುಕೊಂಡು, “ನೀವು ನಿಮ್ಮ ಕುದುರೆ ಮೇಲೆ ಬರ‍್ರಿ. ನಾನು ಬಸ್ಸಿಗೆ ಬರ್ತೀನಿ” ಎಂದಳು. ಹಾಗೆಯೇ ಮಾಡಿದಳು ಕೂಡ. ಒಂದು ವರ್ಷ ಅವಳು ಬಸ್ಸಿನಲ್ಲಿ ಹೋದಳು, ನಾನು ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಅದೇ ಬಸ್ಸಿನ ಹೊಗೆ ಕುಡಿಯುತ್ತ ಹಿಂದೆ ಹೋದೆ. ನೋಡಿದವರು ನಕ್ಕರು. ನಾನೂ ನಕ್ಕೆ, ಆದರೆ ಆ ಸೀಟು ಕಣ್ಣು ಚುಚ್ಚುತ್ತಿತ್ತು.

ಹೊಸ ಶಾಕ್ ಹುಡುಕಲು ಹೊರಟಾಗ ಪ್ರತಿಯೊಬ್ಬನೂ ಕಳ್ಳನಂತೆ ಕಂಡ. ಬೆಂಗಳೂರಿನವನೊಬ್ಬ ಫೋನಿನಲ್ಲಿ, ತಿರುಪು ತಿರುಗಿಸಿ ಗಟ್ಟಿ ಮೆತ್ತಗೆ ಮಾಡಿಕೊಳ್ಳುವ ರೇಸಿನ ಶಾಕ್ ತೋರಿಸಿದ. ಇನ್ನೊಬ್ಬನ ಬಳಿ ಒಡೆದ ಕಾರಿನಿಂದ ಬಿಚ್ಚಿ ಬಣ್ಣ ಬಳಿದ ಮಾಲು. ಕೊನೆಗೆ ಸೊರಬದ ಬಸ್ ನಿಲ್ದಾಣದ ಹಿಂದೆ ಗ್ಯಾರೇಜ್ ಇಟ್ಟಿದ್ದ ವೀರಭದ್ರಣ್ಣನವರ ಹತ್ತಿರ ಹೋದೆ. ಅವರು ಕಾರಿನ ಮೂತಿ ಒಮ್ಮೆ ಅದುಮಿ ಬಿಟ್ಟು ಕೇಳಿದರು:

“ಪಕ್ಕದಲ್ಲಿ ಯಾರು ಕೂರ್ತಾರೆ?”

“ಶಾಕಿಗೂ ಅದಕ್ಕೂ ಏನು ಸಂಬಂಧ?”

“ಒಬ್ಬನೇ ಹಾರಿಸ್ತೀಯಾದ್ರೆ ರೇಸಿಂದು ಹಾಕು ಮಾರಾಯ. ಹೆಂಡ್ತೀನ ಕೂರಿಸೋದಾದ್ರೆ ಸಾದಾ ಎಣ್ಣೇದು ಸಾಕು. ಸ್ಪ್ರಿಂಗೇ ಗಟ್ಟಿ ಉಂಟಲ್ಲ.”

ನನ್ನ ಮನೆಯ ಸುದ್ದಿ ಇವರಿಗೆ ಯಾರು ಹೇಳಿದರು? ಕಪಾಟಿನಲ್ಲಿ ಕೊಳೆಯುತ್ತಿರುವುದನ್ನು ಸಾಗಿಸುವ ಉಪಾಯವೋ? ಪೆಟ್ಟಿಗೆ ಬಿಚ್ಚಿಸಿ ಬಣ್ಣ ಕೆರೆದೆ, ವೆಲ್ಡಿಂಗ್ ನೋಡಿದೆ, ತಕ್ಕಡಿಗೆ ಹಾಕಿ ನಾಲ್ಕನ್ನೂ ತೂಗಿದೆ. ಅವರು ಬೀಡಿ ಸೇದುತ್ತ ಕೂತಿದ್ದರು. “ಇಲ್ಲೇ ಹಾಕಿ ಕೊಡ್ಲಾ?” ಎಂದರು. ಬೇಡ, ನಾನೇ ಹಾಕಿಕೊಳ್ಳುತ್ತೇನೆ ಎಂದು ಡಿಕ್ಕಿಯಲ್ಲಿ ಮಲಗಿಸಿ ತಂದೆ.

ಅಂಗಡಿಯಲ್ಲಿ ಕೆಲಸ ಬಿದ್ದು ನಾಲ್ಕು ದಿನ ಅವು ಬೆಂಚಿನ ಕೆಳಗೇ ಬಿದ್ದಿದ್ದವು. ಐದನೆಯ ದಿನ ಒಂದರ ಸರಳು ಒತ್ತಿದೆ. ಎರಡು ಇಂಚು ಗಾಳಿಯಲ್ಲಿ ಕೈ ಹೋದಂತೆ ಹೋಯಿತು, ಆಮೇಲೆ ಟಕ್ ಎಂದು ಹಿಡಿಯಿತು. ಇನ್ನೊಂದೂ ಹಾಗೆಯೇ. ಸಿಕ್ಕಿಬಿದ್ದೆಯಲ್ಲ ವೀರಭದ್ರಣ್ಣ ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಂಥರಾ ಸಂತೋಷವೇ ಆಯಿತು.

ಸೊರಬಕ್ಕೆ ಹೋಗಿ, ಚಹಾ ಕುಡಿಯುತ್ತಿದ್ದ ಐದಾರು ಜನರ ಎದುರಿಗೇ ನಾಲ್ಕನ್ನೂ ಪೆಟ್ಟಿಗೆ ಸಮೇತ ಅವರ ಮೇಜಿನ ಮೇಲೆ ಇಟ್ಟೆ. “ಒಳಗೆ ಎಣ್ಣೆ ಐತೋ, ನಿಮ್ಮ ಮಾತಷ್ಟೇ ಐತೋ?”

ವೀರಭದ್ರಣ್ಣ ಚಹಾ ಮುಗಿಸಿದರು. “ಮಲಗಿಸಿ ಇಟ್ಟಿದ್ಯಾ?”

“ಹೌದು.”

ಅವರು ಒಂದನ್ನು ವೈಸಿಗೆ ಕಚ್ಚಿಸಿ ನೆಟ್ಟಗೆ ನಿಲ್ಲಿಸಿ ಸರಳನ್ನು ಪೂರ್ತಿ ಎಳೆದರು, ಒತ್ತಿದರು. ಆರೇಳು ಸಲ. ಆಮೇಲೆ ನನ್ನ ಕೈಯನ್ನು ಅದರ ಮೇಲಿಟ್ಟರು. ಒತ್ತಿದರೆ ಮೊದಲ ಕೂದಲೆಳೆಯಷ್ಟರಿಂದಲೇ ಹಿಡಿತ ತುಂಬಿತ್ತು.

“ಮಲಗಿಸಿದ್ರೆ ಒಳಗಿನ ಕೊಳವೆಗೆ ಗಾಳಿ ಹೋಗ್ತದೆ. ನಿಲ್ಸಿ ಎಳೆದಾಡಿದ್ರೆ ಎಣ್ಣೆ ತನ್ನ ಜಾಗಕ್ಕೆ ಬರ್ತದೆ. ಪೆಟ್ಟಿಗೆ ಮೇಲೆ ಬರ್ದಿದಾರಲ್ಲ, ಓದ್ಲಿಲ್ವಾ?” ಎಂದು ಪೆಟ್ಟಿಗೆ ತಿರುಗಿಸಿದರು. “ಹೋಗ್ಲಿ, ಚಿತ್ರಾನೂ ಉಂಟು.”

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ವೀರಭದ್ರಣ್ಣ ನನಗೂ ಒಂದು ಚಹಾ ಹೇಳಿದರು. ಅದನ್ನು ಕುಡಿದು, ನಾಲ್ಕನ್ನೂ ಅವರ ಕೈಯಲ್ಲೇ ಹಾಕಿಸಿಕೊಂಡು ಬಂದೆ.

ಸರೋಜ ಆಗಲೂ ತವರಿಗೆ ಬಸ್ಸಿನಲ್ಲೇ ಹೊರಟಳು. ಬರುವಾಗ ಮಾತ್ರ ಸೊರಬದವರೆಗೆ ನನ್ನ ಜೊತೆ ಬರಲು ಒಪ್ಪಿ, ಹಿಂದಿನ ಸೀಟಿನಲ್ಲಿ ಚೀಲ ಅಪ್ಪಿಕೊಂಡು ಕೂತಳು. ನಿಲ್ದಾಣದಲ್ಲಿ ಶಿಕಾರಿಪುರದ ಬಸ್ಸಿಗೆಂದು ಇಳಿದು ಹೋದವಳು ಸ್ವಲ್ಪ ಹೊತ್ತಿಗೆ ಮುಂದಿನ ಬಾಗಿಲ ಹತ್ತಿರ ಬಂದು ನಿಂತಳು.

“ಬಸ್ ತಪ್ಪಿಹೋಯ್ತಾ?” ಎಂದೆ. ಅನುಮಾನ ಎಲ್ಲಿ ಹೋಗುತ್ತದೆ?

“ಇಲ್ಲ. ಇನ್ನೂ ನಿಂತೇ ಐತಿ. ಬಾಗ್ಲಾ ತೆಗೀರಿ.”

ಇವತ್ತು ಬೆರಳಿನ ಎಣ್ಣೆ ಒರೆಸಿಕೊಂಡು ವೀರಭದ್ರಣ್ಣನಿಗೆ ಫೋನ್ ಮಾಡಿದೆ. “ಒಂದೇ ಹಾಕ್ಬೇಡ, ಹಿಂದಿನ ಎರಡನ್ನೂ ಬದಲಿಸು” ಎಂದರು. ಕೆಟ್ಟದ್ದು ಒಂದು, ಮಾರುವುದು ಎರಡು! ಕಿವಿ ನಿಮಿರಿತು. ಆದರೆ ಜಗಳಕ್ಕೆ ಬಾಯಿ ತೆರೆಯುವ ಮೊದಲು ಅಟ್ಟದಿಂದ ಆ ಹಳೆಯ ಪೆಟ್ಟಿಗೆ ಇಳಿಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಜೋಡಿಯಾಗಿ ಬದಲಿಸಿ ಎಂದೇ ಬರೆದಿದೆ.

ಈಗ ನನ್ನ ಬಳಿ ಇರುವುದು ಒಂದು ಲೇತ್, ಎರಡು ವೆಲ್ಡಿಂಗ್ ಯಂತ್ರ, ಒಂದು ಹಳೆಯ ಕಾರು, ಸರಿಯಿರುವ ಶಾಕ್ ಮೂರು, ಸೋರುವುದು ಒಂದು, ಓದಿದ ಪೆಟ್ಟಿಗೆ ಒಂದು, ಪಕ್ಕದ ಸೀಟಿನಲ್ಲಿ ಕೂರುವವಳು ಒಬ್ಬಳು.