ಚಿರೆಕಲ್ಲು ದಾಟದ ಮಾತು

ಸದಾಶಿವಗಡದ ಈ ಮನೆಗೆ ಬಂದ ಹೊಸದರಲ್ಲಿ ಒಂದು ಸಂಜೆ ಸಮುದ್ರದ ಕಡೆ ಎಲ್ಲೋ ದೂರದಲ್ಲಿ ಗುಡುಗಿತು. ನಾನು ಓಡಿ ಅಂಗಳಕ್ಕೆ ಬಂದೆ. ನನ್ನಂತೆಯೇ ವಿಜಾಪುರದವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡುಗಿದರೆ ನಾವು ಹೊರಗೆ ಬರುತ್ತೇವೆ, ಮುಖ ಮೇಲೆತ್ತಿ ನಿಲ್ಲುತ್ತೇವೆ, ಮೋಡ ಈ ಕಡೆಗೇ ಬಂತೇನು ಎಂದು ಓಣಿಯವರೆಲ್ಲ ಒಬ್ಬರನ್ನೊಬ್ಬರು ಕೇಳುತ್ತಾರೆ. ಇಲ್ಲಿ ಅಂಗಳದಲ್ಲಿ ನಿಂತವಳು ನಾನೊಬ್ಬಳೇ. ಒಳಗಿನಿಂದ ಟಕ್, ಟಕ್ ಎಂಬ ಸದ್ದು. ಮನೆಯ ಯಜಮಾನಿ ಶೇವಂತಿಬಾಯಿ ಟಿವಿಯ ಪ್ಲಗ್ಗು, ಫ್ರಿಜ್ಜಿನ ಪ್ಲಗ್ಗು, ಫೋನಿನ ತಂತಿ ಎಲ್ಲವನ್ನೂ ಕಿತ್ತು ಕಿತ್ತು ನೆಲಕ್ಕೆ ಬಿಡುತ್ತಿದ್ದರು. ಪಕ್ಕದ ಮನೆಯಲ್ಲೂ ಅದೇ ಟಕ್ ಟಕ್. ಇಡೀ ಕೇರಿ ಕರೆಂಟಿನಿಂದ ಕೈ ಬಿಡಿಸಿಕೊಳ್ಳುತ್ತಿತ್ತು.

"ಕಿತೆಂ ಗೋ, ಹೊರಗೆ ಎಂತ ಮಾಡ್ತೀ? ಸಾಯ್ಲಿಕ್ಕಾ?" ಎಂದು ಕಿಟಕಿಯಿಂದ ಕೂಗಿದರು. 'ಕಿತೆಂ ಗೋ' ಎಂದರೆ ಕೊಂಕಣಿಯಲ್ಲಿ 'ಏನೇ ಹುಡುಗಿ'.

"ಮಳಿ ನೋಡಾಕ ಬಂದೀನ್ರಿ ಮಾವಶಿ."

"ಮಳೆ ನೋಡ್ಲಿಕ್ಕಾ! ಸ್ವಲ್ಪ ಇರು. ಮಳೆಯೇ ನಿನ್ನನ್ನ ನೋಡ್ಲಿಕ್ಕೆ ಬರ್ತದೆ, ಹಾಸಿಗೆಯೊಳಗೆ."

ಬಂತು. ಹಾಸಿಗೆಗೂ ಬಂತು, ಪುಸ್ತಕಗಳಿಗೂ ಬಂತು. ಜೂನ್ ಮುಗಿಯುವಷ್ಟರಲ್ಲಿ ನನ್ನ ಚಪ್ಪಲಿಯ ಮೇಲೆ ಹಸಿರು ಬೂಸಲು, ಬೀಗಕ್ಕೆ ತುಕ್ಕು, ಉಪ್ಪಿನ ಡಬ್ಬಿಯಲ್ಲಿ ನೀರು. ಕಾಳಿ ನದಿಯ ಸೇತುವೆ ದಾಟಿದರೆ ಕಾರವಾರ, ಅಲ್ಲಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವುದು ನನ್ನ ಕೆಲಸ. ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಎರಡರಲ್ಲೂ ಗೆದ್ದವಳು. ಆದರೆ ಬೂಸಲಿನ ಜೊತೆ ಯಾರು ವಾದಿಸುತ್ತಾರೆ? ಬೂಸಲಾದರೂ ಹೋಗಲಿ. ನನ್ನನ್ನು ನಿಜವಾಗಿ ಸೋಲಿಸಿದ್ದು ಈ ಮನೆಯ ಗೋಡೆ.

ಬೇರೆ ಊರಿಗೆ ಹೋದವರೆಲ್ಲ ಮನೆಗೆ ಫೋನ್ ಮಾಡುತ್ತಾರೆ. ನನ್ನ ಮಟ್ಟಿಗೆ ಅದು ಆಗದ ಮಾತು. ನನ್ನ ತಂಗಿ ಸುಮಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ನಮ್ಮಿಬ್ಬರ ಮಾತು ಕೈಯಲ್ಲಿ. ಶಾಲೆಯಲ್ಲಿ ಕಲಿಸುವ ಸಂಜ್ಞೆಗಳಲ್ಲ, ನಾವೇ ಸಣ್ಣವರಿದ್ದಾಗ ಕಟ್ಟಿಕೊಂಡವು. ಅಂಗೈ ಗುಮ್ಮಟ ಮಾಡಿದರೆ ನಮ್ಮೂರು. ಎರಡೂ ಕೈಯಲ್ಲಿ ರೊಟ್ಟಿ ಬಡಿದರೆ ಮನೆ. ಅಪ್ಪ ಅವ್ವ ಇಲ್ಲದ ನಮ್ಮನ್ನು ಸಾಕಿದ ಕಾಕಾ-ಕಾಕು ಇಬ್ಬರಿಗೂ ಈ ಭಾಷೆಯಲ್ಲಿ 'ಊಟ', 'ನೀರು', 'ಹೊರಗೆ ಬೇಡ' ಇಷ್ಟು ಗೊತ್ತು. ಉಳಿದದ್ದೆಲ್ಲ ಗೊತ್ತಿರುವುದು ನನಗೊಬ್ಬಳಿಗೆ, ನಾನೋ ಇಲ್ಲಿಗೆ ಬಂದು ಕೂತೆ. ಹಾಗಾಗಿ ಪ್ರತಿ ಭಾನುವಾರ ಆಕೆ ನಮ್ಮ ಓಣಿಯ ಸೈಬರ್ ಕೆಫೆಯಲ್ಲಿ ಕ್ಯಾಮೆರಾದ ಮುಂದೆ ಕೂಡುತ್ತಾಳೆ, ನಾನು ಇಲ್ಲಿ ಲ್ಯಾಪ್‌ಟಾಪಿನ ಮುಂದೆ. ದನಿಯ ಮಾತಾದರೆ ನಡುವೆ ನಾಲ್ಕು ಶಬ್ದ ನುಂಗಿ ಹೋದರೂ ಊಹಿಸಿಕೊಳ್ಳಬಹುದು. ಕೈಮಾತಿನಲ್ಲಿ ಚಿತ್ರ ಒಮ್ಮೆ ನಿಂತರೆ ಮಾತೇ ನಿಂತಂತೆ.

ನನ್ನ ಮೊಬೈಲ್ ಡಾಂಗಲಿನಲ್ಲಿ ಚಿತ್ರ ನಿಲ್ಲುತ್ತಿತ್ತು. ಮನೆಯಲ್ಲಿ ಒಳ್ಳೆಯ ಇಂಟರ್ನೆಟ್ ಇತ್ತು, ಆದರೆ ಶೇವಂತಿಬಾಯಿಯವರ ಫೋನ್ ಲೈನು, ಅದಕ್ಕೆ ಜೋಡಿಸಿದ ಬ್ರಾಡ್‌ಬ್ಯಾಂಡ್ ಮೋಡೆಮ್ಮು ಎರಡೂ ಮುಂದಿನ ಹಾಲಿನಲ್ಲಿ. ನನ್ನ ಬಾಡಿಗೆಯ ಕೋಣೆ ಮನೆಯ ಹಿತ್ತಲ ತುದಿಯಲ್ಲಿ. ನಡುವೆ ಅಡುಗೆಮನೆ, ದೇವರ ಕೋಣೆ, ಮೂರು ಗೋಡೆ. ಗೋಡೆ ಎಂದರೆ ನಮ್ಮಲ್ಲಿಯ ಹಾಗೆ ಇಟ್ಟಂಗಿಯ ಗೋಡೆಯಲ್ಲ, ಚಿರೆಕಲ್ಲಿನದು. ನೆಲದಿಂದ ಕಡಿದು ತೆಗೆವ ಕೆಂಪು ಕಲ್ಲು, ಮೈತುಂಬ ತೂತು. ಆ ತೂತುಗಳ ತುಂಬ ಅದು ನಾಲ್ಕು ತಿಂಗಳ ಮಳೆ ಕುಡಿದು ಕೂತಿರುತ್ತದೆ, ಸಿಗ್ನಲ್ಲಿಗೂ ದಾರಿ ಬಿಡುವುದಿಲ್ಲ.

ಹೀಗಾಗಿ ಚರ್ಚೆಯ ವಿಷಯ: ಹಿತ್ತಲ ಕೋಣೆಗೆ ಇಂಟರ್‌ನೆಟ್ ತಂತಿಯಲ್ಲಿ ಬರಬೇಕೋ, ಗಾಳಿಯಲ್ಲಿ ಬರಬೇಕೋ?

ನಾನು ಮೊದಲು ತಂತಿಯ ಪರ. ತಂತಿ ಗೋಡೆಯನ್ನು ಲೆಕ್ಕಿಸುವುದಿಲ್ಲ, ವೇಗ ಅರ್ಧ ದಾರಿಯಲ್ಲಿ ಸೋರುವುದಿಲ್ಲ. ಹತ್ತಿರದ ದಾರಿ ದೇವರ ಕೋಣೆಯ ಮೂಲಕ.

"ದೇವರ ಕೋಣೆಯಲ್ಲಿ ತಂತಿ ಬೇಡ," ಎಂದರು ಶೇವಂತಿಬಾಯಿ.

"ಅಲ್ಲಿ ಬಲ್ಬಿನ ತಂತಿ ಐತಲ್ರಿ ಮಾವಶಿ?"

"ಅದು ದೇವರಿಗೆ ಬೆಳಕು ಕೊಡ್ತದೆ. ನಿಂದು ಎಂತ ಕೊಡ್ತದೆ?"

ಇದಕ್ಕೆ ಯಾವ ತೀರ್ಪುಗಾರರ ಮುಂದೆ ಹೋಗಲಿ? ಕಡೆಗೆ ನೀಲಿ ತಂತಿ ಹಾಲಿನ ಕಿಟಕಿಯಿಂದ ಹೊರಬಿದ್ದು, ತುಳಸಿಕಟ್ಟೆಯನ್ನು ಮರ್ಯಾದೆಯಿಂದ ಸುತ್ತಿ, ಹಲಸಿನ ಮರಕ್ಕೆ ಆತು, ಹಿತ್ತಲ ಜಗುಲಿಯ ಕಂಬದಿಂದ ಕಂಬಕ್ಕೆ ಹಾಯ್ದು ನನ್ನ ಕೋಣೆಗೆ ಬಂತು. ಮೊದಲ ಭಾನುವಾರ ಸುಮಿಯ ಬೆರಳಿನ ಉಗುರು ಸಹ ಕಂಡಿತು. ಎರಡನೆಯ ಭಾನುವಾರ ಏನೂ ಇಲ್ಲ. ಹೊರಗೆ ಬಂದು ನೋಡಿದರೆ ಜಗುಲಿಯ ಉದ್ದಕ್ಕೂ ನೀಲಿ ತಂತಿಯ ಮೇಲೆ ಒದ್ದೆ ಸೀರೆ, ಲುಂಗಿ, ಗೋಣಿಚೀಲ. ತಂತಿ ನಡುವಿನಲ್ಲಿ ಬಸುರಿಯಂತೆ ಜೋತುಬಿದ್ದಿತ್ತು.

"ಮಳೆಗಾಲದಲ್ಲಿ ಜಗುಲಿ ಮೇಲೆ ಹಗ್ಗ ಕಟ್ಟಿ ಖಾಲಿ ಬಿಡೋದುಂಟಾ?" ಎಂದು ಆಕೆ ನನ್ನನ್ನೇ ಬೈದರು. ಅದರ ತುದಿಯ ಪಿನ್ನುಗಳೂ ಆಗಲೇ ಹಸಿರಾಗಿದ್ದವು. ಉಪ್ಪುಗಾಳಿಗೆ ಬೇಕಾದದ್ದು ಲೋಹದ ವಾಸನೆ ಮಾತ್ರ.

ಆಗ ಚರ್ಚೆಗೆ ಎದುರು ಪಕ್ಷ ಬಂತು. ಶೇವಂತಿಬಾಯಿಯ ಅಣ್ಣನ ಮಗ ಪ್ರಶಾಂತ, ಕಾರವಾರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು.

"ಮೇಡಂ, ಈಗ ವೈರ್ ಯಾರು ಎಳೀತಾರೆ? ವೈಫೈ ಹಾಕಿ. ಮುನ್ನೂರು ಅಡಿ ಹೋಗ್ತದೆ ಅಂತ ಡಬ್ಬಿ ಮೇಲೇ ಬರೆದಿದೆ."

"ಎಷ್ಟು ಗೋಡೆ ದಾಟಿ?"

"ಗೋಡೆ ವಿಷಯ ಬರೀಲಿಲ್ಲ."

"ಹಂಗಂದ್ರ ಬಯಲಿನ್ಯಾಗ ಹೋಗತೈತಿ. ನಾ ಬಯಲಿನ್ಯಾಗ ಮಲಗೂದಿಲ್ಲ."

ಆದರೂ ಬೇರೆ ದಾರಿ ಏನಿತ್ತು? ರೂಟರ್ ಬಂತು. ಎರಡು ಕೊಂಬಿನ ಆ ಡಬ್ಬಿಯನ್ನು ಕಪಾಟಿನ ಮೇಲಿಟ್ಟೆವು, ಕೆಳಗಿಟ್ಟೆವು, ಕೊಂಬು ಬಗ್ಗಿಸಿದೆವು, ನೆಟ್ಟಗೆ ಮಾಡಿದೆವು. ಹಾಲಿನಲ್ಲಿ ಐದು ಗೆರೆ ಸಿಗ್ನಲ್, ಅಡುಗೆಮನೆಯಲ್ಲಿ ಮೂರು, ನನ್ನ ಕೋಣೆಯಲ್ಲಿ ಒಂದು, ಅದೂ ಕಿಟಕಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟರೆ. ಕರೆಂಟಿನ ತಂತಿಯೊಳಗೇ ಇಂಟರ್‌ನೆಟ್ ಕಳಿಸುವ ಡಬ್ಬಿ ಗೋವಾದಲ್ಲಿ ಸಿಗುತ್ತದಂತೆ, ತರಿಸಲಾ ಎಂದು ಪ್ರಶಾಂತ ಕೇಳಿದ. ಈ ಮನೆಯ ಕರೆಂಟಿಗೆ ತಾನು ಬರುವ ದಾರಿಯೇ ಸರಿಯಾಗಿ ಗೊತ್ತಿಲ್ಲ, ಇನ್ನೊಬ್ಬರನ್ನು ಹೊತ್ತು ತರುತ್ತದೆಯೇ?

ಲ್ಯಾಪ್‌ಟಾಪ್ ಎತ್ತಿಕೊಂಡು ಹಾಲಿಗೇ ಹೋಗಿ ಕೂಡಬಹುದಿತ್ತಲ್ಲ, ಎನ್ನುತ್ತೀರಿ. ಬಾಡಿಗೆಮನೆಯಲ್ಲಿ ಇದ್ದು ನೋಡಿ. ಮಾಲಕರ ಹಾಲಿನಲ್ಲಿ ಬಂದವರು, ಹೋದವರು, ಮೀನು ಮಾರುವವಳು, ಮಧ್ಯಾಹ್ನದ ಧಾರಾವಾಹಿ. ನಮ್ಮ ಮನೆಯ ಮಾತು, ಅದರಲ್ಲೂ ಹೆಣ್ಣುಮಗಳ ಮಾತು, ಪರರ ಹಾಲಿನಲ್ಲಿ ಆಡುವುದೇ? ಆಡುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ.

ಅಷ್ಟರಲ್ಲಿ ಕಾಕಾನ ಫೋನು ಬಂತು. ಸುಮಿಗೆ ಗಂಡು ಬಂದಿತ್ತು, ನೋಡಿಕೊಂಡು ಹೋಗಿದ್ದರು.

"ಹುಡುಗಿ ಒಪ್ಪ್ಯಾಳವ್ವಾ. ನಕ್ಕಳು."

"ನಕ್ಕರ ಒಪ್ಪಿದಂಗೇನು ಕಾಕಾ?"

"ಮತ್ತ ಬಾಯಿ ಬಿಟ್ಟು ಹೇಳತಾಳೇನು? ಸೋಮವಾರ ನಿಶ್ಚಯ ಮಾಡ್ತೀವಿ."

ನಡುವೆ ಉಳಿದದ್ದು ಒಂದೇ ಭಾನುವಾರ. ಆಕೆಯ ಮನಸ್ಸಿನಲ್ಲಿ ಏನಿದೆ ಎಂದು ಆಕೆಯಿಂದಲೇ ಕೇಳಬಲ್ಲವಳು ನಾನೊಬ್ಬಳು. ಆಕೆ ಬೇಗ ಶಾಲೆ ಬಿಟ್ಟವಳು, ಬರೆದು ಹೇಳುವ ರೂಢಿ ಇಲ್ಲ. ನಡುವೆ ಇದ್ದದ್ದು ಒಂದು ಗೆರೆ ಸಿಗ್ನಲ್.

ಆ ಭಾನುವಾರ ಮುಂದಿನ ಹಾಲಿನಲ್ಲಿ ಹೊಸಕ್ಕಿಯ ಊಟ. ಶೇವಂತಿಬಾಯಿಯ ತವರು ಅಂಕೋಲೆಯ ಹತ್ತಿರದ ಅವರ್ಸಾ. ಅಲ್ಲಿಂದ ಅಣ್ಣ, ಅತ್ತಿಗೆ, ಅವರ ಬಳಗ ಎಲ್ಲ ಬಂದು ಸಾಲಾಗಿ ಎಲೆಯ ಮುಂದೆ ಕೂತಿದ್ದರು. ನಾನು ಹಿತ್ತಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಸುಮಿ ಕಂಡಳು. ಗಂಡು ಎನ್ನಲು ಮೀಸೆ ತೀಡಿದಳು, ಬಲಗೈ ಎತ್ತಿದಳು, ಕೈ ಹಾಗೇ ನಿಂತುಬಿಟ್ಟಿತು. ಆಶೀರ್ವಾದ ಮಾಡುವ ದೇವರ ಹಾಗೆ. ಕಾದೆ. ಕೈ ಇಳಿಯಲಿಲ್ಲ. ಕಿಟಕಿ, ಮೇಜು, ಹಾಸಿಗೆ ಎಲ್ಲ ಕಡೆ ಇಟ್ಟು ನೋಡಿದೆ. ಗೆರೆಯೇ ಮಾಯ.

ಮರ್ಯಾದೆ ಮುರಿದುಬಿತ್ತು. ತೆರೆದ ಲ್ಯಾಪ್‌ಟಾಪನ್ನು ತಟ್ಟೆಯಂತೆ ಹಿಡಿದು ಹಿತ್ತಲ ಬಾಗಿಲಿಂದ ಹೊರಟು, ಮನೆ ಸುತ್ತಿ, ತುಳಸಿಕಟ್ಟೆಗೆ ಕಾಲು ಎಡವಿ ಹಾಲಿಗೆ ನುಗ್ಗಿದೆ. ಉಣ್ಣುತ್ತಿದ್ದವರು ಉಣ್ಣುವ ಕೈ ಎತ್ತಿ ನೋಡಿದರು. ನಾನು ಮೋಡೆಮ್ಮಿನ ಪಕ್ಕ, ಅಣ್ಣನವರ ಎಲೆಗೂ ಗೋಡೆಗೂ ನಡುವೆ ಕುಕ್ಕರಗಾಲಲ್ಲಿ ಕೂತು, ಮೊಳದುದ್ದದ ತಂತಿ ಚುಚ್ಚಿದೆ. ಸುಮಿ ಮತ್ತೆ ಬಂದಳು, ಕೈಯ ರೇಖೆ ಎಣಿಸುವಷ್ಟು ಸ್ಪಷ್ಟವಾಗಿ.

'ಎಲ್ಲಿ ಹೋಗಿದ್ದೆ?' ಎಂದಳು.

'ಗೋಡೆ,' ಎಂದೆ. 'ಗಂಡು ಹೆಂಗಿದ್ದಾನೆ?'

"ಯಾರು ಅದು? ಎಂತ ಹೇಳ್ತಾಳೆ?" ಅತ್ತಿಗೆಯವರ ಪಿಸುಮಾತು.

"ಅವಳ ತಂಗಿ. ಮಾತಾಡ್ತಾ ಇದ್ದಾರೆ, ನಿನಗೆ ಎಂತಕ್ಕೆ? ಉಣ್ಣು," ಎಂದರು ಶೇವಂತಿಬಾಯಿ.

ಆಗ ಹೊಳೆಯಿತು. ಇಷ್ಟು ಜನರ ನಡುವೆ ನನ್ನ ಮನೆಯ ಗುಟ್ಟನ್ನೆಲ್ಲ ಬಿಚ್ಚುತ್ತಿದ್ದೇನೆ, ಒಂದು ಅಕ್ಷರ ಯಾರಿಗೂ ತಿಳಿಯುತ್ತಿಲ್ಲ. ಯಾರ ಕಿವಿಗೂ ಬೀಳದ ಭಾಷೆಗೆ ನಾನು ಬಾಗಿಲು ಹಾಕಿ ಕಾವಲು ಕೂತಿದ್ದೆ! ತಂತಿ, ಗಾಳಿ, ಕೊಂಬು ಎಂದು ಒಂದು ಮಳೆಗಾಲವಿಡೀ ಪರ-ವಿರೋಧ ವಾದಿಸಿದೆ. ಆದರೆ ಆ ಕೋಣೆಯಲ್ಲೇ ಕೂಡಬೇಕೇಕೆ ಎಂಬ ಒಂದು ಪ್ರಶ್ನೆ ಯಾರೂ ಎತ್ತಲಿಲ್ಲ, ಚರ್ಚಾಪಟುವಾದ ನಾನೂ ಎತ್ತಲಿಲ್ಲ.

ಅದೇ ಹೊತ್ತಿಗೆ ಸಮುದ್ರದ ಮೇಲೆ ಗುಡುಗಿತು.

ಶೇವಂತಿಬಾಯಿ ಬಡಿಸುತ್ತಿದ್ದ ನುಸ್ತೆಯ ಪಾತ್ರೆ ಎಡಗೈಗೆ ಬದಲಿಸಿ (ಇಲ್ಲಿ ಮೀನಿಗೆ ನುಸ್ತೆ ಎನ್ನುತ್ತಾರೆ) ನೇರ ಬಂದು ಮೋಡೆಮ್ಮಿನ ಪ್ಲಗ್ಗಿಗೆ ಕೈ ಹಾಕಿದರು. ಆಕೆಯ ತಪ್ಪಲ್ಲ, ಗುಡುಗು ಕೇಳಿದರೆ ಆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

"ಮಾವಶಿ, ಎರಡು ನಿಮಿಷ! ಕೈ ಮುಗೀತೀನಿ!"

"ಸಿಡಿಲು ಕಾಯ್ತದಾ ಗೋ?"

ಆದರೆ ಆಕೆ ಕೀಳಲಿಲ್ಲ. ಪ್ಲಗ್ಗಿನ ಮೇಲೆ ಬೆರಳಿಟ್ಟುಕೊಂಡು ಪರದೆಯನ್ನೇ ನೋಡುತ್ತ ನಿಂತರು. ಅಣ್ಣ "ಶೇವಂತೀ, ತೆಗಿ, ತೆಗಿ!" ಎಂದು ಕೂಗುತ್ತಿದ್ದರು. ಇನ್ನೊಂದು ಗುಡುಗು, ಮೊದಲಿನದಕ್ಕಿಂತ ಹತ್ತಿರ. ಬೆರಳು ಅಲ್ಲೇ ಇತ್ತು.

ಸುಮಿಗೆ ಇದಾವುದೂ ಗೊತ್ತಿಲ್ಲ. ನಿಧಾನವಾಗಿ ಹೇಳಿದಳು. 'ಗಂಡು ಬಂದ. ಚಹಾ ಕುಡಿದ. ಕಾಕಾನ ಬಾಯಿ ನೋಡಿದ, ಅವನ ಅವ್ವನ ಬಾಯಿ ನೋಡಿದ. ನಾನು ಎರಡು ಸಲ ಮಾತಾಡಿಸಿದೆ, ನನ್ನ ಕೈಯನ್ನು ಒಮ್ಮೆಯೂ ನೋಡಲಿಲ್ಲ. ಅದಕ್ಕೆ ನಗು ಬಂತು.' ಆಮೇಲೆ ಎರಡೂ ಅಂಗೈಗಳನ್ನು ಎದೆಯ ಮುಂದೆ ತಂದು, ಎಲೆಯ ಮೇಲೆ ಬೇಡವಾದದ್ದನ್ನು ದೂಡುವಂತೆ ಹೊರಗೆ ದೂಡಿದಳು.

"ನಾಕಾ ಅಂದ್ಲು," ಎಂದರು ಶೇವಂತಿಬಾಯಿ. ನಾಕಾ ಎಂದರೆ ಬೇಡ. ಯಾರೂ ಅವರಿಗೆ ತಿಳಿಸಿ ಹೇಳಿರಲಿಲ್ಲ. "ಅಂದ್ಲಲ್ಲ? ಸಾಕಲ್ಲ?"

ಟಕ್ ಎಂದು ಕಿತ್ತರು. ಮರುಕ್ಷಣ ಬಿದ್ದ ಸಿಡಿಲಿಗೆ ಹೆಂಚುಗಳೆಲ್ಲ ಗಡಗಡ ಎಂದವು.

ಆ ಸಂಜೆ ಮಳೆ ನಿಂತ ಮೇಲೆ ಕಾಕಾನಿಗೆ ಫೋನ್ ಮಾಡಿ ವಾದಿಸಿದೆ. ಅದು ಮಾತ್ರ ನನಗೆ ಬರುವ ಕೆಲಸ, ಗೆದ್ದೆ. ಸೋಮವಾರದ ನಿಶ್ಚಯ ನಿಂತಿತು. ಕಾಕಾ ಬಹಳ ದಿನ ಮುನಿಸಿಕೊಂಡರು.

ಅಂದಿನಿಂದ ಭಾನುವಾರದ ಮಾತು ಹಾಲಿನಲ್ಲೇ, ಮೊಳದ ತಂತಿಯಲ್ಲಿ. ಈಗ ಶೇವಂತಿಬಾಯಿಯೂ ಪಕ್ಕದಲ್ಲಿ ಕೂತು ಸುಮಿಗೆ ಅಂದಂದಿನ ಮೀನು ಎತ್ತಿ ತೋರಿಸುತ್ತಾರೆ. ಸುಮಿ ಕಾರವಾರಕ್ಕೂ ಒಂದು ಸಂಜ್ಞೆ ಮಾಡಿದ್ದಾಳೆ. ಅಂಗೈಯಲ್ಲಿ ಅಲೆ, ಆಮೇಲೆ ಮೂಗು ಹಿಡಿಯುವುದು. ಹಾಗೆಂದರೇನು ಎಂದು ಶೇವಂತಿಬಾಯಿ ಕೇಳಿದಾಗ "ಸಮುದ್ರದ ಗಾಳಿ ಚಲೋ ಅಂತ್ರಿ" ಎಂದಿದ್ದೇನೆ. ಆಕೆ ನಂಬಿದಂತೆ ಕಾಣಲಿಲ್ಲ. ಹಿತ್ತಲ ಕೋಣೆಯಲ್ಲಿ ಈಗಲೂ ಒಂದೇ ಗೆರೆ. ಜಗುಲಿಯ ನೀಲಿ ತಂತಿ ಖಾಯಂ ಬಟ್ಟೆ ಹಗ್ಗವಾಗಿದೆ, ಆ ಕೆಲಸದಲ್ಲಿ ಅದನ್ನು ಮೀರಿಸುವಂಥದ್ದು ಇನ್ನೊಂದಿಲ್ಲ.

ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ. ಸುಮಿ ನನ್ನ ಎದುರಿಗೇ ಕೂತು ಶೇಂಗಾ ಬಿಡಿಸುತ್ತಿದ್ದಳು. ನಡುವೆ ತಂತಿಯಿಲ್ಲ, ಗೋಡೆಯಿಲ್ಲ. ದೂರದಲ್ಲಿ ಗುಡುಗಿತು. ಕಾಕಾ, ಕಾಕು, ಓಣಿಯ ಮಂದಿಯೆಲ್ಲ ಬಾಗಿಲಿಗೆ ಓಡಿದರು. ಸಣ್ಣವರಿದ್ದಾಗ ಗುಡುಗಿದರೆ ನಾನು ಸುಮಿಯ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗುತ್ತಿದ್ದೆ. ಮಳೆ ಬರುತ್ತದೆಂದು ಆಕೆಗೆ ತಿಳಿಯುತ್ತಿದ್ದದ್ದೇ ಹಾಗೆ.

ಈ ಸಲ ನಾನು ಟಿವಿಯ ಕಡೆ ಓಡಿದೆ. ಪ್ಲಗ್ಗು ಕಿತ್ತೆ, ಫೋನಿನ ತಂತಿ ಕಿತ್ತೆ, ಮಿಕ್ಸರಿನದನ್ನೂ ಬಿಡಲಿಲ್ಲ. ತಿರುಗಿ ನೋಡಿದರೆ ಸುಮಿ ಶೇಂಗಾ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಓಡಿದವರನ್ನು ಕಂಡು ಗುಡುಗಿದೆ ಎಂದು ಆಕೆಗೆ ತಿಳಿದಿತ್ತು. ಗುಡುಗಿದರೆ ಪ್ಲಗ್ಗು ಕೀಳುವ ಶೇವಂತಿಬಾಯಿಯ ಕಥೆಯನ್ನು ನಾನೇ ಹೇಳಿದ್ದೆ. ಎದ್ದು ಹತ್ತಿರ ಬಂದಳು. ಅಂಗೈಯನ್ನು ಕಾರವಾರದ ಅಲೆಯಾಗಿಸಿ ನನ್ನ ಮುಖದವರೆಗೆ ತಂದು, ತನ್ನ ಮೂಗು ಬಿಟ್ಟು ನನ್ನ ಮೂಗನ್ನು ಹಿಡಿದಳು.