ಕೈಗೆ ಕೂತ ಹಿಡಿ

ಕೈಚೀಲ ಹೊಲಿಯುವ ಕಾರ್ಖಾನೆಯಲ್ಲಿ ಅವರಿಗೆ ಗೆರೆ ಮೇಷ್ಟ್ರು ಎಂದೇ ಹೆಸರು. ಪಾಠ ಹೇಳಿದವರಲ್ಲ, ಚರ್ಮ ಕತ್ತರಿಸುವವರು. ಉಳಿದವರು ಪಟ್ಟಿ ಇಟ್ಟು ಗೆರೆ ಎಳೆದುಕೊಂಡು ಕತ್ತರಿಸಿದರೆ, ಇವರು ಬರಿಗಣ್ಣಲ್ಲಿ ನೋಡಿ ಚೂರಿ ಎಳೆದರೂ ಅಂಚು ದಾರ ಹಿಡಿದಂತೆ ಬರುತ್ತಿತ್ತು. ಅದರ ಜಂಬವೂ ಕಡಿಮೆಯಿರಲಿಲ್ಲ ಬಿಡಿ.

ಚೂರಿ ಅವರದೇ. ಮಡಚುವಂಥದ್ದಲ್ಲ, ಗೇಣುದ್ದದ ಗಟ್ಟಿ ಅಲಗು. ಅಂಗಡಿಯವರು ಕೊಟ್ಟ ಹಿಡಿಯನ್ನು ಮೊದಲ ದಿನವೇ ಕಿತ್ತು ಬಿಸಾಕಿ, ಮುರಿದ ಕುರ್ಚಿಯ ಕಾಲಿನಿಂದ ಬೇರೆ ಮಾಡಿಕೊಂಡಿದ್ದರು. ಹೆಬ್ಬೆರಳಿಗೊಂದು ತಗ್ಗು, ಅಂಗೈಗೊಂದು ಉಬ್ಬು, ಕಿರುಬೆರಳು ಜಾರದಂತೆ ತುದಿಯಲ್ಲೊಂದು ಕೊಕ್ಕೆ. ಬೇರೆಯವರ ಕೈಗೆ ಅದು ಒತ್ತುತ್ತಿತ್ತು. ಬೇರೆಯವರಿಗೆ ಮುಟ್ಟಲು ಬಿಟ್ಟರೆ ತಾನೇ! ಭಾನುವಾರ ಬಂದರೆ ಅದಕ್ಕೆ ಎಣ್ಣೆ ಉಜ್ಜುತ್ತ ಕೂರುವ ಗಂಡನನ್ನು ನೋಡಿ ಹೆಂಡತಿ, "ನನ್ನ ತಲೆಗೂ ಒಂದಿನ ಹೀಗೇ ಹಚ್ರೀ, ಪುಣ್ಯ ಬರುತ್ತೆ" ಎಂದು ರೇಗಿಸುತ್ತಿದ್ದಳು.

ಹೋದ ತಿಂಗಳು ಅಂಚು ಸೊಟ್ಟಗಾಯಿತು. ಒಂದಲ್ಲ, ಏಳು ಚೀಲದ ಚರ್ಮ ಹಾಳು. ಗೆರೆ ಮೇಷ್ಟ್ರು ತಪ್ಪನ್ನೆಲ್ಲ ಹಿಡಿಯ ತಲೆಗೆ ಕಟ್ಟಿದರು. "ಮರ ಉಬ್ಬಿದೆ" ಎಂದು ಅರದಿಂದ ಉಜ್ಜಿದರು. ಮರುವಾರ "ತೀರಾ ಸಣ್ಣಗಾಯ್ತು" ಎಂದು ಚರ್ಮದ ಪಟ್ಟಿ ಸುತ್ತಿದರು. ಆಮೇಲೆ ಅದನ್ನೂ ಬಿಚ್ಚಿದರು. ಅಷ್ಟರಲ್ಲಿ ಹೆಂಡತಿ ಅವರ ಅಂಗಿಯ ಗುಂಡಿ ಹಾಕಿಕೊಡಲು ಶುರುಮಾಡಿದ್ದಳು. 

ಕೊನೆಗೆ ಅವಳೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಪುಣ್ಯಾತ್ಮರು ಅಲ್ಲಿಗೂ ಚೂರಿ ಒಯ್ದಿದ್ದರು! ಸುತ್ತಿದ್ದ ಬಟ್ಟೆ ಬಿಚ್ಚಿ ಚೂರಿಯನ್ನು ಮೇಜಿನ ಮೇಲಿಟ್ಟದ್ದೇ ತಡ, ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಹಿಡಿ ಯಾವ ಆಕಾರದಲ್ಲಿದ್ರೆ ಸರಿಹೋಗುತ್ತೆ, ನೀವೇ ಹೇಳಿ ಸಾರ್."

"ಹಿಡಿ ಚೆನ್ನಾಗೇ ಇದೆ ಯಜಮಾನ್ರೇ. ಕೈಯ ನರ ಸೋತಿದೆ. ಏನು ಹಿಡ್ಕೊಂಡಿದೀವಿ ಅಂತ ಬೆರಳಿಗೇ ಗೊತ್ತಾಗ್ತಿಲ್ಲ. ಹೋಗಿದ್ದು ವಾಪಸ್ ಬರಲ್ಲ."

"ಅವನಿಗೇನು ಗೊತ್ತು ಮರದ ಕೆಲಸ!" ಎಂದು ದಾರಿಯುದ್ದಕ್ಕೂ ಗೊಣಗಿದರು. ಅವಳಿಗೆ ಅಳು ಉಕ್ಕಿ ಬಂತು. ಬಸ್ಸಿನ ಕಿಟಕಿಯ ಕಡೆ ತಿರುಗಿ ಕೂತಳು.

ಸೋಮವಾರ ಕಾರ್ಖಾನೆಯ ಮೇಸ್ತ್ರಿಯ ಮುಂದೆ ಒಂದು ಚರ್ಮ ನೆಟ್ಟಗೆ ಕತ್ತರಿಸಿ ತೋರಿಸಬೇಕಿತ್ತು. ಇಲ್ಲದಿದ್ದರೆ ಕತ್ತರಿಸುವ ಮೇಜು ಬಿಟ್ಟು, ಡಬ್ಬಗಳಿಗೆ ಚೀಟಿ ಅಂಟಿಸುವ ಕಡೆ ಕೂರಬೇಕು. ಭಾನುವಾರ ಬೆಳಿಗ್ಗೆ ಅರವೂ ಕೈಯಲ್ಲಿ ನಿಲ್ಲದಾದಾಗ ಅದನ್ನು ಹೆಂಡತಿಗೆ ಕೊಟ್ಟರು. ಅಲಗಿಗೆ ದಪ್ಪ ಬಟ್ಟೆ ಸುತ್ತಿ, ಚೂರಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಉಜ್ಜಿದಳು. ಉಪಯೋಗವಿಲ್ಲವೆಂದು ಗೊತ್ತಿತ್ತು. ಹಾಗೆಂದು ಹೇಳುವ ಧೈರ್ಯ ಇರಲಿಲ್ಲ.

"ಇಲ್ಲಿ ಇನ್ನೊಂಚೂರು... ಹಾಂ, ಸಾಕು ಸಾಕು. ಕೊಡು."

ಹಿಡಿ ಕೂತಿದೆಯೋ ಇಲ್ಲವೋ ಎಂಬುದನ್ನು ಅವರು ನೋಡುವುದು ಕಣ್ಣು ಮುಚ್ಚಿಕೊಂಡೇ. ಕಣ್ಣು ಮೋಸ ಮಾಡುತ್ತದೆ, ಕೈ ಮಾಡುವುದಿಲ್ಲ ಎಂಬುದು ಅವರ ವಾದ. ಕಣ್ಣು ಮುಚ್ಚಿ ಕೈ ಚಾಚಿದರು. ಅವಳು ಚೂರಿಯನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ತನ್ನ ಕೈ ತೆಗೆದಳು. ಚೂರಿ ಸದ್ದಿಲ್ಲದೆ ಜಾರಿ ಅವಳ ಮಡಿಲಿಗೇ ಬಿತ್ತು.

ಗೆರೆ ಮೇಷ್ಟ್ರು ಬರಿಗೈಯನ್ನು ಗಾಳಿಯಲ್ಲಿ ನಿಧಾನವಾಗಿ ಎಳೆದರು. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತು.

"ಈಗ ನೋಡೇ," ಎಂದರು ಕಣ್ಣು ಮುಚ್ಚಿಕೊಂಡೇ, "ಹೇಗೆ ಕೂತಿದೆ ಕೈಗೆ!"