ಡಾಜ್ ಕಾರಿನ ಎಡಬಾಗಿಲು

ಚಿನ್ನದ ಬಣ್ಣ ಬಳಿದ ಕಾರು ಕಂಡರೆ ನಾನು ಇವತ್ತಿಗೂ ಮುಖ ತಿರುಗಿಸುತ್ತೇನೆ. ಬಣ್ಣದ ತಪ್ಪಲ್ಲ ಅದು. ಎಪ್ಪತ್ತಮೂರನೇ ಇಸವಿಯಲ್ಲಿ ನಾನು ಮಲಾಡ್ ಸ್ಟೇಷನ್ ಹತ್ತಿರ ರಮಾನಾಥ ಶೆಟ್ಟರ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಹೆಸರು ಕೊರಗಪ್ಪ, ಶೆಟ್ಟರ ಬಾಯಲ್ಲಿ ಕೊರಗ. ಹಿಂದಿನ ಗಲ್ಲಿಯಲ್ಲಿ ಬಂಡೆಪ್ಪ ಎಂಬವನ ಶೆಡ್ಡು ಇತ್ತು. ಅಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದರು. ದಿನಕ್ಕೆ ಮೂರು ಸಲ ಚಹಾ ಒಯ್ಯುತ್ತ ಒಯ್ಯುತ್ತ ನನಗೆ ಪೇಂಟರ್ ಅಣವೀರಪ್ಪನ ಪರಿಚಯವಾಯಿತು.

ಅವನು ಸಿಂದಗಿ ಕಡೆಯವನು. ಒಂಬತ್ತು ವರ್ಷ ಅದೇ ಶೆಡ್ಡಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ನೀರು ಹಾಕಿ ಹಾಕಿ, ಪಾಲಿಶ್ ಕಾಗದದಿಂದ ಕಾರುಗಳ ಮೈ ಉಜ್ಜಿದ್ದ. ಬೆರಳ ತುದಿಯ ಗೆರೆಗಳೆಲ್ಲ ಸವೆದಿದ್ದವು. ಹೆಬ್ಬೆಟ್ಟು ಒತ್ತು ಅಂದರೆ ಕಾಗದದ ಮೇಲೆ ಬರೀ ಮಸಿಯ ಕಲೆ ಬೀಳುತ್ತಿತ್ತು. ಹತ್ತನೇ ವರ್ಷ ಬಣ್ಣ ಸಿಂಪಡಿಸುವ ಸ್ಪ್ರೇ ಗನ್ನು ಅವನ ಕೈಗೆ ಬಂತು. ಅಂಥ ಶೆಡ್ಡಿನಲ್ಲಿ ಇರುವುದೇ ಎರಡು ಜಾತಿ. ಗನ್ನು ಹಿಡಿದವನು ಪೇಂಟರ್, ಉಳಿದವರೆಲ್ಲ ಉಜ್ಜುವವರು. ಊರಿನಿಂದ ಬಂದ ಕಾಗದದ ಮೇಲೆ ಕೂಡ ‘ಪೇಂಟರ್ ಅಣವೀರಪ್ಪ’ ಅಂತ ಬರೆದಿರುತ್ತಿತ್ತು. ಅವನು ಅದನ್ನು ನನಗೆ ತೋರಿಸಿ ಸುಮ್ಮನೆ ನಗುತ್ತಿದ್ದ.

ಆ ವರ್ಷ ನಮ್ಮ ಧಣಿ, ಅಂದರೆ ರಮಾನಾಥ ಶೆಟ್ಟರು, ದಾದರಿನ ಮುದುಕ ಪಾರ್ಸಿಯೊಬ್ಬನಿಂದ ಹಳೆಯ ಡಾಜ್ ಕಾರು ಕೊಂಡುಕೊಂಡರು. ಕಪ್ಪು ಕಾರು. ಆ ಕಪ್ಪಿನಲ್ಲಿ ಮುಖ ನೋಡಿ ಬೈತಲೆ ತೆಗೆಯಬಹುದಿತ್ತು. ಧಣಿಗೆ ಅದು ಸಾಲದು. ಕಾಂದಿವಲಿಯಲ್ಲಿ ಎರಡನೇ ಹೋಟೆಲು ತೆರೆಯುವ ದಿನ ಅವರು ಬಂಗಾರದ ಕಾರಿನಿಂದ ಇಳಿಯಬೇಕಿತ್ತು.

“ಹೊಳೀಬೇಕು ಮಾರಾಯ. ನೋಡಿದವರ ಕಣ್ಣು ಕುಕ್ಕಬೇಕು,” ಅಂದರು.

“ಇದು ಸಾದಾ ಬಣ್ಣ ಅಲ್ರಿ ಶೆಟ್ರ, ಮೆಟಾಲಿಕ್ ಐತಿ,” ಅಂದ ಅಣವೀರಪ್ಪ. “ಇದರಾಗ ಅಲ್ಯೂಮಿನಿಯಂ ಪುಡಿ ಇರ್ತೈತಿ. ಮೊದಲನೇ ಕೋಟ್ ಹೊಡದ ಮ್ಯಾಲೆ ಒರಸಾಕ ಬರಂಗಿಲ್ಲ, ಮುಟ್ಟಾಕ ಬರಂಗಿಲ್ಲ. ಪುಡಿ ಹೆಂಗ ಬಿದ್ದೈತೋ ಹಂಗ ಇರಬೇಕು. ಅದರ ಮ್ಯಾಲೇ ಎರಡನೇ ಕೋಟ್.”

“ಆಯ್ತು, ಗೊತ್ತುಂಟು,” ಅಂದರು ಧಣಿ.

ಧಣಿಯ ಕೈ ಎಂಥದೆಂದು ಹೇಳಲೇಬೇಕು. ಮೂರು ದಿನದ ಹಳೆ ಎಣ್ಣೆಯಲ್ಲಿ ಕರಿದ ಗೋಳಿಬಜೆಯನ್ನು ದಿನಾ ಮಧ್ಯಾಹ್ನ ಹಿಚುಕಿ ನೋಡುತ್ತಿದ್ದರು, ಒಳಗೆ ಬೆಂದಿದೆಯೋ ಇಲ್ಲವೋ ಎಂದು. ಹಿಚುಕಿದ್ದನ್ನು ವಾಪಸು ತಟ್ಟೆಗೇ ಹಾಕುತ್ತಿದ್ದರು. ಆಮೇಲೆ ಕೈಯನ್ನು ತೆಂಗಿನೆಣ್ಣೆ ಮೆತ್ತಿದ ತಮ್ಮ ತಲೆಗೇ ಒರೆಸಿಕೊಳ್ಳುತ್ತಿದ್ದರು. ಅವರು ಕುಡಿದಿಟ್ಟ ಗ್ಲಾಸು ಎರಡು ಸಲ ತೊಳೆದರೂ ಕೈಯಲ್ಲಿ ಜಾರುತ್ತಿತ್ತು.

ಮೊದಲನೇ ಕೋಟ್ ಆದ ದಿನ ಅಣವೀರಪ್ಪ ಥಿನ್ನರ್ ವಾಸನೆ ತಾಳದೆ ಶೆಡ್ಡಿನ ಹೊರಗೆ ಗಾಳಿಗೆ ಕೂತಿದ್ದ. ನಾನು ಒಳಗೆ ಖಾಲಿ ಗ್ಲಾಸು ಎತ್ತುತ್ತಿದ್ದೆ. ಹಿಂಬಾಗಿಲಿನಿಂದ ಧಣಿ ಬಂದರು. ಸೀದಾ ಹೋಗಿ ಕಾರಿನ ಎಡಬಾಗಿಲ ಮೇಲೆ ಅಂಗೈ ಊರಿ, ಎಮ್ಮೆಯ ಮೈ ಸವರಿದ ಹಾಗೆ ಸವರಿ, ಹೊರಟುಹೋದರು. ಎರಡನೇ ಕೋಟ್ ಬಿದ್ದ ಕೂಡಲೇ ಅಲ್ಲಿ ಬಣ್ಣ ನಿಲ್ಲದೆ ಹಿಂದೆ ಸರಿಯಿತು. ಸಾಸಿವೆ ಗಾತ್ರದ ಗುಳಿಗಳು ಬಿದ್ದವು. ಕುಷ್ಠ ಬಂದ ಚರ್ಮದ ಹಾಗಿತ್ತು ಬಾಗಿಲು. ಅಣವೀರಪ್ಪ ಎಲ್ಲ ಕೆರೆದು ತೆಗೆದು ಮತ್ತೆ ಮೊದಲಿಂದ ಶುರು ಮಾಡಿದ.

ಎರಡನೇ ಸಲವೂ ಧಣಿ ಅದೇ ಹೊತ್ತಿಗೆ ಬಂದರು.

“ಧಣೀ, ಮುಟ್ಟಬಾರದಂತೆ,” ಅಂದೆ.

“ಯಾರ ಕಾರು ಕೊರಗ ಇದು?” ಅಂದು ಮತ್ತೆ ಸವರಿದರು. ಮತ್ತೆ ಗುಳಿ, ಅದೇ ಬಾಗಿಲು, ಅದೇ ಜಾಗ.

ಬಂಡೆಪ್ಪ ಕೆಂಡವಾದ. ಧಣಿಯೂ ಬಂದು ನಿಂತಿದ್ದರು. “ಎರಡು ಸಲ ಆತು. ನಿನ್ನ ಕೈ ಕೆಟ್ಟೈತಿ. ಗನ್ ಕೆಳಗ ಇಡು, ಪಾಲಿಶ್ ಕಾಗದ ಹಿಡಿ,” ಅಂದ ಬಂಡೆಪ್ಪ, ಎಲ್ಲರೆದುರು.

ಅಣವೀರಪ್ಪ ಬಾಗಿಲ ಮುಂದೆ ಕೂತು ಬಹಳ ಹೊತ್ತು ನೋಡಿದ. ಗುಳಿಗಳ ಮೇಲೆ ತನ್ನ ಅಂಗೈ ಹಿಡಿದು ಅಳೆದ. “ಇಲ್ಲಿ ಯಾರೋ ಕೈ ಇಟ್ಟಾರ. ಎಣ್ಣಿ ಕೈ,” ಅಂದ. ತಲೆ ಎತ್ತಿ, “ಶೆಟ್ರ, ನಿಮ್ಮ ಕೈ ಒಂದೀಟು ಇಲ್ಲಿ ಹಿಡೀರಿ, ನೋಡೂಣು.”

“ಎಂಥ ಅಧಿಕಪ್ರಸಂಗ! ನಾನು ಈ ಕಡೆ ತಲೆ ಹಾಕಿಲ್ಲ. ಬೇಕಾದರೆ ನಮ್ಮ ಕೊರಗನನ್ನು ಕೇಳು.”

ಅಣವೀರಪ್ಪ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಎಷ್ಟು ಧೈರ್ಯ ಬಂತೆಂದರೆ, ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. “ಕೊರಗಪ್ಪ, ನೀ ಇಲ್ಲೇ ಇರತಿದ್ದಿ. ಹೇಳಪಾ ತಮ್ಮಾ, ಯಾರ ಬಂದಿದ್ರು?”

ನಾನು ಹೋಟೆಲಿನ ಅಟ್ಟದಲ್ಲಿ ಮಲಗುವವನು, ಧಣಿಯ ಅನ್ನ ತಿನ್ನುವವನು. ಬೊಂಬಾಯಿಯಲ್ಲಿ ಬೇರೆ ದಿಕ್ಕಿರಲಿಲ್ಲ.

“ನಾನು ಯಾರನ್ನೂ ನೋಡ್ಲಿಲ್ಲ,” ಅಂದೆ.

ಬಂಡೆಪ್ಪ ಕೈ ಚಾಚಿದ. ಅಣವೀರಪ್ಪ ಗನ್ನನ್ನು ಬಟ್ಟೆಯಿಂದ ಒರೆಸಿ ಅವನ ಕೈಗೆ ಕೊಟ್ಟ.

ಧಾರಾವಿಯಿಂದ ಹೊಸ ಪೇಂಟರನ್ನು ಕರೆಸಿದರು. ಅವನ ಮೊದಲನೇ ಕೋಟ್ ಒಣಗುವಾಗಲೂ ಧಣಿ ಬಂದರು. ನಾನು ಕೆಟಲು ಹಿಡಿದು ನೋಡುತ್ತಲೇ ಇದ್ದೆ. ಬಾಗಿಲಿನಿಂದ ಎರಡು ಮಾರು ದೂರ ನಿಂತರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿದ್ದರು, ಒಮ್ಮೆಯೂ ಮುಂದೆ ತರಲಿಲ್ಲ. ಅಂದರೆ ಅಣವೀರಪ್ಪನ ಒಂದೊಂದು ಮಾತೂ ಅವರ ತಲೆಗೆ ಹತ್ತಿತ್ತು. ಥೂ! ಎರಡನೇ ಕೋಟ್ ಕನ್ನಡಿಯಂತೆ ಬಂತು. “ಕೈಗುಣ ಬೇಕು ಮಾರಾಯ, ಕೈಗುಣ,” ಎಂದು ಧಣಿ ಇಡೀ ಶೆಡ್ಡಿಗೆ ಕೇಳುವಂತೆ ಹೊಗಳಿದರು.

ಅಣವೀರಪ್ಪ ಮೂಲೆಯಲ್ಲಿ ಒಂದು ಫಿಯಟ್ಟಿನ ಮಡ್‌ಗಾರ್ಡ್ ಉಜ್ಜುತ್ತಿದ್ದ. ಎದ್ದು ಬಂದು ಡಾಜ್‌ನ ಎಡಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಒಂದು ಗುಳಿಯೂ ಇರಲಿಲ್ಲ. ನಾನು ಚಹಾ ಕೊಡಲು ಹೋದಾಗ ಮೆಲ್ಲಗೆ ಅಂದ:

“ನನ್ನ ಕೈನೇ ಕೆಟ್ಟಿತ್ತು ನೋಡು. ನೀ ಖರೇನ ಹೇಳಿದ್ದಿ. ಸುಮ್ಮನ ಶೆಟ್ರ ಮ್ಯಾಲೆ ಅನುಮಾನ ಪಟ್ಟೆ. ತಪ್ಪಾತು ಅಂತ ಅವರಿಗೆ ಹೇಳಪಾ.”

ಹೇಳಿದೆ. ಹೌದು, ಅದನ್ನೂ ಹೋಗಿ ಹೇಳಿದೆ. ಧಣಿ ಕೈಯನ್ನು ತಲೆಗೆ ಒರೆಸಿಕೊಂಡು, “ಪಾಪ, ಒಳ್ಳೆ ಮನುಷ್ಯ ಅವನು,” ಅಂದರು.